ಮೋಟಾರಿಗೆ ಮಾವ ಹಾಕಿದ ಅರಗು

ನನ್ನ ಷಡ್ಡಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಹೇಳುವುದೆಲ್ಲ ಅದೇ ಕಣ್ಣಿನಿಂದ ಕಂಡದ್ದು. ಅವನು ನನ್ನ ಹೆಂಡತಿಯ ತಂಗಿಯ ಗಂಡ. ಕೆಟ್ಟವನಾಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಕುಡಿಯುತ್ತಿರಲಿಲ್ಲ, ಎದುರು ಮಾತಾಡುತ್ತಿರಲಿಲ್ಲ, ನನ್ನನ್ನು ಬಾಯಿತುಂಬ ‘ಅಣ್ಣ’ ಎನ್ನುತ್ತಿದ್ದ. ಕನಕಪುರದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಅಂಥವನ ಮೇಲೆ ಹೊಟ್ಟೆ ಉರಿಸಿಕೊಳ್ಳಲು ಗಟ್ಟಿಯಾದ ಕಾರಣ ಬೇಕು. ನನಗಿದ್ದ ಕಾರಣ ನಮ್ಮ ಮಾವ.

ಮಾವ ಬೊಂಬೆ ಕೆಲಸದವರು. ಚನ್ನಪಟ್ಟಣ ದಾಟಿ ದೊಡ್ಡಮಳೂರು ಸಿಗುವ ಮೊದಲೇ ಅವರ ಮನೆ, ಮನೆಯ ಮಗ್ಗುಲಿಗೆ ಒಂದು ಶೆಡ್ಡು, ಶೆಡ್ಡಿನಲ್ಲಿ ಅವರ ಮರ ಕಡೆಯುವ ಲೇತು, ಹಿಂದೆ ಒಂದಿಷ್ಟು ಹಿಪ್ಪುನೇರಳೆ. ಲೇತಿನಲ್ಲಿ ಬಿಳಿ ಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಿದ್ದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತಿತ್ತು. ಆಮೇಲೆ ಒಣಗಿದ ತಾಳೆಗರಿ ಒತ್ತಿದರೆ ಆ ಬಣ್ಣಕ್ಕೆ ಕನ್ನಡಿಯ ಹೊಳಪು ಬರುತ್ತಿತ್ತು. ಜೀವಮಾನವೆಲ್ಲ ಅದನ್ನೇ ಮಾಡಿದ ಕೈ ಸುಮ್ಮನೆ ಇರುತ್ತದೆಯೇ? ಮನೆಯಲ್ಲಿ ತಿರುಗುವ ವಸ್ತು ಕಂಡರೆ ಅದಕ್ಕೆ ಅರಗು ಹಾಕದೆ ಬಿಡುತ್ತಿರಲಿಲ್ಲ. ಟೇಬಲ್ ಫ್ಯಾನಿನ ಮುಂದಿನ ಮುಚ್ಚಳ, ಸೈಕಲ್ಲಿನ ಬೆಲ್ಲು, ಅತ್ತೆಯ ಗ್ಯಾಸ್ ಒಲೆಯ ತಿರುಪು, ಎಲ್ಲಕ್ಕೂ ಕೆಂಪು ಹಳದಿ ಪಟ್ಟೆ. ಹೊರಗಿನಿಂದ ಬಂದ ವಸ್ತುವಾದರೆ, ತಮಗೆ ಬೇಕಾದವರದ್ದಕ್ಕೆ ಮಾತ್ರ ಅವರು ಪ್ರತ್ಯೇಕವಾಗಿ ಕೂತು ಅರಗು ಹಾಕುತ್ತಿದ್ದರು. ಅದು ಅವರ ಪ್ರೀತಿ ತೋರಿಸುವ ರೀತಿ ಎಂದು ಮನೆಯವರಿಗೆಲ್ಲ ಗೊತ್ತಿತ್ತು.

ನಾನು ಮಾಗಡಿ ಕಡೆಯವನು. ನನಗೆ ಬುದ್ಧಿ ಬರುವ ಮೊದಲೇ ಅಪ್ಪ ತೀರಿಕೊಂಡಿದ್ದರು. ದೊಡ್ಡಪ್ಪನ ಮನೆಯಲ್ಲಿ ಬೆಳೆದೆ, ಐಟಿಐ ಮಾಡಿದೆ. ಬಿಡದಿಯ ಸುತ್ತ ರಾಗಿ ಹೊಲಗಳಿದ್ದಲ್ಲಿ ಒಂದೊಂದೇ ಕಾರ್ಖಾನೆಯ ಶೀಟು ಏಳುತ್ತಿದ್ದ ಕಾಲ ಅದು. ಅಂಥದ್ದೊಂದರಲ್ಲಿ ಮೆಯಿಂಟೆನೆನ್ಸ್ ಕೆಲಸ ಸಿಕ್ಕಿತು, ರಾಮನಗರದಲ್ಲಿ ಮನೆ ಮಾಡಿದೆ. ಮೋಟಾರು ನನ್ನ ಅನ್ನ. ಕೆಟ್ಟ ಮೋಟಾರಿನ ಮೇಲೆ ಕೈಯಿಟ್ಟರೆ ಸಾಕು, ಒಳಗೆ ಏನಾಗಿದೆ ಎಂದು ನನಗೆ ಅಂದಾಜು ಸಿಗುತ್ತದೆ. ಮದುವೆಯಾದ ಹೊಸತರಲ್ಲಿ ಮಾವನ ಲೇತಿನ ಮೋಟಾರು ಸುಟ್ಟುಹೋದಾಗ ನಾನೇ ಬಿಚ್ಚಿ, ತಂತಿ ಸುತ್ತಿಸಿ, ಕೂರಿಸಿಕೊಟ್ಟೆ. ಮಾವ ‘ಚೆನ್ನಾಗದೆ’ ಎಂದರು, ಕಾಫಿ ಕೊಡಿಸಿದರು. ಅಷ್ಟೆ. ಅದಾದ ಮೇಲೆ ನನ್ನ ಮರದ ಹಿಡಿಯ ಸ್ಕ್ರೂಡ್ರೈವರನ್ನು ಬೇಕೆಂದೇ ಅವರ ಲೇತಿನ ಪಕ್ಕ ಮರೆತು ಬಂದೆ. ಮುಂದಿನ ಹಬ್ಬಕ್ಕೆ ಹೋದಾಗ ಅದನ್ನು ಬಟ್ಟೆಯಲ್ಲಿ ಒರೆಸಿ, ‘ಬುಟ್ಟು ಹೋಗಿದ್ರಿ’ ಎಂದು ವಾಪಸ್ಸು ಕೊಟ್ಟರು. ಹಿಡಿ ಹಿಂದೆ ಇದ್ದಷ್ಟೇ ಬೋಳಾಗಿತ್ತು.

ಅಪ್ಪ ಇಲ್ಲದವನಿಗೆ ಹೆಂಡತಿಯ ಅಪ್ಪ ಏನಾಗಬೇಕೆಂದು ಆಸೆ ಇರುತ್ತದೋ ಅದು ನನಗೂ ಇತ್ತು. ಮಾವನಿಗೆ ಗಂಡುಮಕ್ಕಳಿರಲಿಲ್ಲ. ಜಾಗ ಖಾಲಿಯಿತ್ತು, ಮೊದಲು ಬಂದವನು ನಾನು. ಆ ಜಾಗಕ್ಕೆ ನಾಲ್ಕು ವರ್ಷದ ಮೇಲೆ ಬಂದ ಬ್ಯಾಂಕಿನ ಗುಮಾಸ್ತ ಟವೆಲ್ಲು ಹಾಕಿದ.

ಒಂದು ಯುಗಾದಿಗೆ ಅವನು ಮಾವನ ಮನೆಗೆ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದ. ಜಗಲಿಯ ಮೇಲೆ ಬಿಚ್ಚಿದರೆ ಒಳಗೆ ಮರದ ನಾಲ್ಕು ತೋಳು, ಒಂದೊಂದು ತೋಳಿನ ತುದಿಗೆ ಒಂದೊಂದು ಪುಟ್ಟ ಮೋಟಾರು, ನಡುವೆ ಬ್ಯಾಟರಿ, ತಂತಿಗಳ ಗೋಜಲು. ಈಗ ಮದುವೆ ಮನೆಯಲ್ಲೆಲ್ಲ ಡ್ರೋನು ಹಾರಿಸುತ್ತಾರೆ. ಆಗ ಆ ಹೆಸರೇ ನಮ್ಮ ಕಡೆ ಇರಲಿಲ್ಲ. ಅವನು ಬಿಡಿಭಾಗಗಳನ್ನು ಎಲ್ಲೆಲ್ಲಿಂದಲೋ ತರಿಸಿ, ಇಂಟರ್ನೆಟ್ಟಿನಲ್ಲಿ ಓದಿಕೊಂಡು, ಭಾನುವಾರಗಳಲ್ಲಿ ಕೂತು ಜೋಡಿಸಿದ್ದನಂತೆ. ಬ್ಯಾಂಕಿನಲ್ಲಿ ಚಲನ್ನಿಗೆ ಸೀಲು ಒತ್ತುವವನು! ಮೋಟಾರು, ತಂತಿ, ಬೆಸುಗೆ ಇವೆಲ್ಲ ನನ್ನ ಸಾಮ್ರಾಜ್ಯ. ಅದರೊಳಕ್ಕೇ ಕಾಲಿಟ್ಟಿದ್ದನಲ್ಲ ಎಂದು ನನ್ನ ಮೈ ಉರಿಯಿತು.

“ಇದೇನ್ರಪ್ಪ, ನಾಕು ಕಾಲಿನ ಜೇಡದಂಗದೆ?” ಎಂದರು ಮಾವ.

“ಹೆಲಿಕಾಪ್ಟರ್ ಥರ ಮಾವ. ಹಾರುತ್ತೆ.”

“ಹಾರ್ತದಾ! ಎಲ್ಲಿ, ಒಸಿ ತಿರುಗ್ಸಿ, ನೋಡಣ.”

ರೆಕ್ಕೆಗಳನ್ನು ಇನ್ನೂ ಹಾಕಿರಲಿಲ್ಲ. ಅವನು ರಿಮೋಟಿನ ಕಡ್ಡಿಯನ್ನು ಚೂರು ಮೇಲೆತ್ತಿದ. ನಾಲ್ಕು ಮೋಟಾರೂ ಸುಯ್ ಎಂದು ತಿರುಗಿದವು. ಆ ಜಾತಿಯ ಮೋಟಾರಿನಲ್ಲಿ ತಿರುಗುವುದು ಹೊರಗಿನ ಡಬ್ಬಿಯೇ. ಮಾವನ ಮುಖ ಅರಳಿದ್ದನ್ನು ನಾನು ನೋಡಿದೆ. ಅವರ ಕಣ್ಣಿಗೆ ಅದು ಹೆಲಿಕಾಪ್ಟರಲ್ಲ, ನಾಲ್ಕು ಪುಟಾಣಿ ಲೇತುಗಳು. ಏನಾಗಲಿದೆ ಎಂದು ನನಗೆ ಆಗಲೇ ಹೊಳೆಯಿತು.

“ಬರೀ ಕಬ್ಣ ಕಂಡಂಗೆ ಕಾಣ್ತದೆ. ತಡೀರಿ,” ಎಂದು ಎದ್ದು ಶೆಡ್ಡಿಗೆ ಹೋಗಿ ಅರಗಿನ ಕಡ್ಡಿಗಳನ್ನು ತಂದೇಬಿಟ್ಟರು. ಷಡ್ಡಕ ಜಗಲಿಯ ಮೇಲೆ ರಿಮೋಟು ಹಿಡಿದು ಕೂತ, ಮಾವ ಅವನ ಎದುರು ಕುಕ್ಕರಗಾಲಿನಲ್ಲಿ ಕೂತರು. ಒಂದು ಮೋಟಾರಿಗೆ ಕೆಂಪು, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು, ಇನ್ನೊಂದಕ್ಕೆ ನೀಲಿ. “ಒಸಿ ಜೋರು ಮಾಡಿ... ಹಾಂ, ಈಗ ನಿಧಾನ,” ಎಂದು ಇವರು ಹೇಳುವುದು, ಅವನು ಹಾಗೇ ಮಾಡುವುದು. ಕೊನೆಗೆ ತಾಳೆಗರಿಯ ಹೊಳಪು. ಅತ್ತೆ, ನಾದಿನಿ, ನನ್ನ ಹೆಂಡತಿ ಎಲ್ಲರೂ ಒಳಗಿನ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಲೇತಿನ ಮೋಟಾರು ಸರಿಮಾಡಿಕೊಟ್ಟವನು ನಾನು, ಅರಗು ಬಿದ್ದದ್ದು ಅವನ ಮೋಟಾರಿಗೆ.

“ಯಾಕ್ರೀ ಮುಖ ಹಂಗ್ ಮಾಡ್ಕಂಡಿದೀರಿ? ಬೇವು ಜಾಸ್ತಿ ಬಿತ್ತಾ?” ಎಂದು ಹೆಂಡತಿ ಕಿವಿಯಲ್ಲಿ ಕೇಳಿದಳು. ಅವಳಿಗೆ ನನ್ನ ಎಲ್ಲ ಮುಖಗಳೂ ಗೊತ್ತು.

ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಯುಗಾದಿಗಿಂತ ಅದೇ ದೊಡ್ಡದು. ಊರವರು ಸೇರಿ ಮರಿ ಕುಯ್ದು, ಗುಡ್ಡೆ ಗುಡ್ಡೆ ಮಾಡಿ ಬಾಡು ಹಂಚಿಕೊಳ್ಳುತ್ತಾರೆ. ಆ ದಿನ ಹೇಗೆ ಕಳೆಯುತ್ತದೋ ವರ್ಷವೆಲ್ಲ ಹಾಗೇ ಎಂಬ ನಂಬಿಕೆಯಿಂದ ಯಾರೂ ಅವತ್ತು ಜಗಳವಾಡುವುದಿಲ್ಲ, ಅಳುವುದಿಲ್ಲ, ಸಾಧ್ಯವಾದಷ್ಟು ಒಳ್ಳೆಯದನ್ನೇ ಮಾಡುತ್ತಾರೆ. ಮಾವ ಬಾಡು ತರಲು ಹೋದವರು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದಿದ್ದರು: ನಮ್ಮ ಚಿಕ್ಕಳಿಯಂದ್ರು ಹೆಲಿಕಾಪ್ಟರು ಬುಡ್ತಾರೆ, ಬನ್ನಿ. ಹಿಪ್ಪುನೇರಳೆ ಕೊಯ್ದು ಬಯಲಾಗಿದ್ದ ಜಾಗದಲ್ಲಿ ಬೀದಿಯವರೆಲ್ಲ ನೆರೆದರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಡುವೆ ನಿಂತಿದ್ದರು. ನನ್ನ ಮದುವೆಯ ದಿನವೂ ಅವರು ಅಷ್ಟು ನೆಟ್ಟಗೆ ನಿಂತದ್ದು ನನಗೆ ನೆನಪಿಲ್ಲ.

ಷಡ್ಡಕ ರೆಕ್ಕೆ ಕೂರಿಸಿ, ಯಂತ್ರವನ್ನು ಒಂದು ಹಲಗೆಯ ಮೇಲಿಟ್ಟು, ಬ್ಯಾಟರಿ ಸಿಕ್ಕಿಸಿದ. ಪೀಂ ಪೀಂ ಎಂದು ಸದ್ದು ಬಂತು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅವನು ಕಡ್ಡಿ ಮೇಲೆತ್ತಿದ. ನಾಲ್ಕೂ ಮೋಟಾರು ಬಿಕ್ಕಳಿಕೆ ಬಂದಂತೆ ಒಮ್ಮೆ ಜಗ್ಗಿ ಸುಮ್ಮನಾದವು. ಇನ್ನೊಮ್ಮೆ ಎತ್ತಿದ. ಮತ್ತೆ ಬಿಕ್ಕಳಿಕೆ, ಮತ್ತೆ ಮೌನ.

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಬೇವು ಬೆಲ್ಲದಲ್ಲಿ ಬೆಲ್ಲ ಮಾತ್ರ ನನ್ನ ಪಾಲಿಗೆ ಬಂದ ಹಾಗಾಯಿತು.

ಅವನು ಬ್ಯಾಟರಿ ತೆಗೆದು ಮತ್ತೆ ಹಾಕಿದ. ರಿಮೋಟು ಆರಿಸಿ ಹಚ್ಚಿದ. ಕಡ್ಡಿ ಪೂರ್ತಿ ಕೆಳಗಿದೆಯೇ ಎಂದು ನೋಡಿದ, ಯಾಕೆಂದರೆ ಶುರುವಿನಲ್ಲಿ ಅದು ಒಂದು ಕೂದಲು ಮೇಲಿದ್ದರೂ ಇಂಥವು ಸುರಕ್ಷತೆಗಾಗಿ ತಿರುಗಲು ಒಪ್ಪುವುದಿಲ್ಲ. ತಂತಿಯ ಒಂದೊಂದೇ ಸೇರುವೆಯನ್ನು ಜಗ್ಗಿ ನೋಡಿದ. ಜನ ಗುಸುಗುಸು ಶುರುಮಾಡಿದರು.

“ಮುಂದಿನ ಯುಗಾದಿಗೆ ಹಾರ್ತದೆ ಕಣ್ಲಾ, ಅವಸ್ರ ಯಾಕೆ?” ಎಂದು ಹಿಂದಿನಿಂದ ಒಬ್ಬ. “ಬಾಡು ಬೆಂದೈತೆ, ನಡೀಲಾ,” ಎಂದು ಇನ್ನೊಬ್ಬ. ಮಾವ ನಗಲಿಲ್ಲ. ಅವರು ನನ್ನ ಕಡೆ ತಿರುಗಿ, “ಅಳಿಯಂದ್ರೇ, ನೀವಾದ್ರೂ ಒಸಿ ನೋಡಿ,” ಎಂದರು.

ಊರೆದುರಿಗೆ ಮಾವ ನನ್ನನ್ನು ಕರೆದಿದ್ದರು. ಮನೆಯ ಮುಂದಕ್ಕೆ ಹೋಗಿ ಬೈಕಿನ ಡಿಕ್ಕಿಯಿಂದ ಮಲ್ಟಿಮೀಟರು ತಂದೆ. ಓಡಲಿಲ್ಲ, ನಿಧಾನವಾಗಿಯೇ ನಡೆದು ಬಂದೆ. ಸರಿಮಾಡಿದರೆ ಯಂತ್ರ ಹಾರುತ್ತದೆ, ಚಪ್ಪಾಳೆ ಅವನಿಗೆ. ಸರಿಮಾಡದಿದ್ದರೆ ದೊಡ್ಡಳಿಯನಿಗೂ ಏನೂ ಬರುವುದಿಲ್ಲ ಎಂದು ಮಾವ ತಿಳಿಯುತ್ತಾರೆ. ಎರಡೂ ಕಹಿಯೇ. ಆದರೂ ನನ್ನ ಕಸುಬಿನ ಮರ್ಯಾದೆ ಮೇಲಾಯಿತು, ಕೂತೆ.

ಬ್ಯಾಟರಿ ತುಂಬಿತ್ತು. ಮೋಟಾರಿನವರೆಗೂ ಕರೆಂಟು ಹೋಗುತ್ತಿತ್ತು. ನಾಲ್ಕೂ ಒಟ್ಟಿಗೆ ಕೈಕೊಟ್ಟಿವೆ ಎಂದರೆ ತಪ್ಪು ಒಂದೊಂದು ಮೋಟಾರಿನದಲ್ಲ, ನಾಲ್ಕಕ್ಕೂ ಸೇರಿದ ಒಂದು ಕಾರಣ ಇರಬೇಕು. ಫ್ಯಾಕ್ಟರಿಯಲ್ಲಿ ನಾನು ಕಿರಿಯರಿಗೆ ಹೇಳಿಕೊಡುವ ಪಾಠವೂ ಇದೇ. ಬ್ಯಾಟರಿಯಲ್ಲ, ರಿಮೋಟಲ್ಲ, ತಂತಿಯಲ್ಲ. ಹಾಗಾದರೆ ನಾಲ್ಕಕ್ಕೂ ಸೇರಿದ್ದು ಇನ್ನೇನಿದೆ ಎಂದು ಯೋಚಿಸುತ್ತಾ ಷಡ್ಡಕನ ಕೈಗಳನ್ನೇ ನೋಡಿದೆ. ಅವು ಎಲ್ಲ ಕಡೆ ಓಡಾಡುತ್ತಿದ್ದವು. ಬ್ಯಾಟರಿ ಮುಟ್ಟುತ್ತಿದ್ದ, ಬೋರ್ಡು ಮುಟ್ಟುತ್ತಿದ್ದ, ತೋಳು ಮುಟ್ಟುತ್ತಿದ್ದ. ಮೋಟಾರಿನ ಹತ್ತಿರ ಮಾತ್ರ ಅವನ ಕೈ ಹೋಗುತ್ತಿರಲಿಲ್ಲ. ದಡ್ಡ, ಎಂದುಕೊಂಡೆ ಮನಸ್ಸಿನಲ್ಲಿ.

ಕೆಂಪು ಬಣ್ಣದ ಮೋಟಾರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದೆ. ಅಲುಗಾಡಲಿಲ್ಲ. ಹಳದಿಯದೂ ಅಷ್ಟೆ. ಕಣ್ಣಿನ ಹತ್ತಿರ ಹಿಡಿದು ನೋಡಿದರೆ ತಿರುಗುವ ಡಬ್ಬಿಗೂ ಕೆಳಗಿನ ಬುಡಕ್ಕೂ ನಡುವೆ ಇರಬೇಕಾದ ಕೂದಲೆಳೆಯ ಸಂದು ಕಾಣಲಿಲ್ಲ. ಕರಗಿದ ಅರಗು ಹೊಳೆಯುತ್ತಾ ಒಳಕ್ಕೆ ಇಳಿದು, ರಾತ್ರಿಯ ತಂಪಿಗೆ ಕಲ್ಲಾಗಿತ್ತು. ನಾಲ್ಕಕ್ಕೂ ಸೇರಿದ ಕಾರಣ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಹಿಂದೆಯೇ ನಿಂತಿತ್ತು.

ಸಿಕ್ಕಿತು! ನಾನು ತಲೆಯೆತ್ತಿ ಬಾಯಿ ತೆರೆಯುವಷ್ಟರಲ್ಲಿ ಷಡ್ಡಕ ನನ್ನ ಮಣಿಕಟ್ಟು ಹಿಡಿದುಕೊಂಡ. ತಂತಿ ತೋರಿಸುವವನಂತೆ ಬಗ್ಗಿ, ನನ್ನ ಕಿವಿಗಷ್ಟೇ ಕೇಳುವಂತೆ ಹೇಳಿದ. “ಗೊತ್ತಣ್ಣ. ರೆಕ್ಕೆ ಹಾಕುವಾಗಲೇ ನೋಡಿದೆ. ಅಷ್ಟರಲ್ಲಿ ಮಾವ ಎಲ್ಲರನ್ನೂ ಕರೆದಾಗಿತ್ತು. ಅವರಿಗೆ ಹೇಳಬೇಡಿ, ಹೊಸತೊಡಕಿನ ದಿನ ನೊಂದ್ಕೊಳ್ತಾರೆ.”

ಅವನು ನನ್ನ ಕೈ ಬಿಟ್ಟು ಎದ್ದು ನಿಂತ. “ಬ್ಯಾಟರಿ ಕೈ ಕೊಡ್ತು ಮಾವ. ನಾನೇ ಸರಿಯಾಗಿ ನೋಡ್ಕೊಂಡು ತರಬೇಕಿತ್ತು. ತಪ್ಪು ನಂದೇ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಜನ ನಗಾಡುತ್ತಾ ಬಾಡಿನ ವಾಸನೆ ಬಂದ ಕಡೆಗೆ ಚದುರಿದರು. ಬ್ಯಾಂಕಿನವರ ಹೆಲಿಕಾಪ್ಟರು ಎಂದು ಒಬ್ಬ ಆಡಿಕೊಂಡ. ಅವನು ಆ ನಗೆಯನ್ನೆಲ್ಲ ತಲೆಬಗ್ಗಿಸಿ ತಾನೇ ತೆಗೆದುಕೊಂಡ. ನನ್ನ ಕೈಯಲ್ಲಿ ಮಲ್ಟಿಮೀಟರು ಹಾಗೇ ಉಳಿಯಿತು. ಗೆಲ್ಲಬಹುದಾಗಿದ್ದ ಒಂದೇ ಒಂದು ಆಟ, ಅದನ್ನೂ ಅವನು ನನಗಿಂತ ಮೊದಲೇ ಗೆದ್ದು, ಬೇಡವೆಂದು ಬಿಟ್ಟುಕೊಟ್ಟಿದ್ದ. ಇಂಥವನನ್ನು ದ್ವೇಷಿಸುವುದು ಎಷ್ಟು ಕಷ್ಟ ಎಂದು ಆ ದಿನ ಗೊತ್ತಾಯಿತು.

ಮಧ್ಯಾಹ್ನ ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು. ಉಂಡವರು ಉಂಡಲ್ಲೇ ಉರುಳಿದರು. ಷಡ್ಡಕ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ನನಗೆ ನಿದ್ದೆ ಹತ್ತಲಿಲ್ಲ, ಜಗಲಿಯಲ್ಲಿ ಅಂಗಾತ ಮಲಗಿ ಜಂತೆ ನೋಡುತ್ತಿದ್ದೆ. ಯಾರೋ ಕಾಲು ತಟ್ಟಿದ ಹಾಗಾಯಿತು. ಮಾವ.

“ಅಳಿಯಂದ್ರೇ, ಶೆಡ್ ತಾವ್ಕೆ ಒಸಿ ಬನ್ನಿ.”

ಶೆಡ್ಡಿನೊಳಗೆ ಲೇತಿನ ಪಕ್ಕ ಟವೆಲ್ಲು ಮುಚ್ಚಿ ಏನನ್ನೋ ಇಟ್ಟಿದ್ದರು. ಟವೆಲ್ಲು ತೆಗೆದರೆ ಆ ಯಂತ್ರ. ನನಗೆ ಮಣೆ ಕೊಟ್ಟು ತಾವು ನೆಲದ ಮೇಲೆ ಕೂತರು.

“ನಿಜ ಹೇಳಿ. ಅರಗು ಹಿಡ್ಕಂಡಿತ್ತಾ?”

ನಾನು ಯಂತ್ರದ ತಂತಿಯೊಂದನ್ನು ಸರಿಪಡಿಸತೊಡಗಿದೆ.

“ಅವ್ರನ್ನ ಕೇಳುದ್ರೆ ಹೇಳಾಕಿಲ್ಲ. ನಾನು ನೊಂದ್ಕತ್ತೀನಿ ಅಂತ ಬ್ಯಾಟ್ರಿ ಮ್ಯಾಲೆ ಹಾಕ್ಬುಟ್ರು. ನೀವಾದ್ರೆ ಹೇಳ್ತೀರಿ. ಅವ್ರನ್ನ ಕಂಡ್ರೆ ನಿಮ್ಗೆ ಆಗಾಕಿಲ್ಲವಲ್ಲ, ಅವ್ರು ಮುಚ್ಚಿಟ್ಟಿದ್ದ ನೀವ್ಯಾಕೆ ಮುಚ್ಚಿಡ್ತೀರಿ?”

ಇಷ್ಟು ವರ್ಷ ಯಾರಿಗೂ ಕಾಣದು ಎಂದು ನಾನು ಅಂದುಕೊಂಡಿದ್ದು ಈ ಮನುಷ್ಯನಿಗೆ ಹಗಲಿನಷ್ಟು ನಿಚ್ಚಳವಾಗಿ ಕಂಡಿತ್ತು. ಅವರು ಬೈಯುತ್ತಿರಲಿಲ್ಲ. ಮರದ ತುಂಡನ್ನು ನೋಡಿ ಇದರಲ್ಲಿ ಗಂಟಿದೆ ಎನ್ನುವಂತೆ ಸಹಜವಾಗಿ ಹೇಳಿದ್ದರು.

“ಹೂಂ ಮಾವ. ನಾಲ್ಕೂ ಹಿಡ್ಕೊಂಡಿವೆ,” ಎಂದೆ. ಮೋಟಾರಿನ ವಿಷಯದಲ್ಲಿ ನನಗೆ ಸುಳ್ಳು ಬರುವುದಿಲ್ಲ.

ಅವರು ಒಂದು ಗಳಿಗೆ ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಆ ಬೆರಳ ತುದಿಗಳಲ್ಲಿ ಎಷ್ಟು ತೊಳೆದರೂ ಹೋಗದ ಬಣ್ಣವಿತ್ತು. “ಬುಡ್ಸಕಾಯ್ತದಾ?” ಎಂದರು. ಆಗುತ್ತದೆ ಎಂದೆ. ಅರಗು ಬೆಂಕಿಗೆ ಬೇಗ ಬಿಡುತ್ತದೆ ಎಂದು ಅವರು ಸೀಮೆಎಣ್ಣೆ ದೀಪಕ್ಕೆ ಕೈಹಾಕಿದರು. ಬೇಡ ಮಾವ, ಒಳಗಿನ ಅಯಸ್ಕಾಂತ ಬಿಸಿಗೆ ಸಾಯುತ್ತದೆ ಎಂದು ತಡೆದೆ. ಬುಡದ ಸಣ್ಣ ಕ್ಲಿಪ್ಪು ಬಿಚ್ಚಿ, ಸಂದಿಗೆ ಸ್ಪಿರಿಟ್ಟು ಬಿಟ್ಟು, ಅರಗು ಮೆತ್ತಗಾಗುವವರೆಗೆ ಕಾದು ಡಬ್ಬಿಯನ್ನು ಎಳೆದೆ. ಒಳಗಿನ ತಾಮ್ರದ ಸುತ್ತು ಕಂಡಾಗ ಅವರು, “ಬಳೆ ಜೋಡ್ಸಿಟ್ಟಂಗದೆ,” ಎಂದು ಬಗ್ಗಿ ನೋಡಿದರು. ಬಿದಿರಿನ ಸೀಳಿನಿಂದ ಅವರು ಅರಗು ಕೆರೆಯುವುದು, ನಾನು ಬಟ್ಟೆಯಿಂದ ಒರೆಸಿ ಹಿಡಿಯುವುದು, ಹೀಗೆ ಒಂದಾದ ಮೇಲೆ ಒಂದು ಮಾಡಿದೆವು. ಒಮ್ಮೆ ಅವರು ನನ್ನ ಅಪ್ಪ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಕೇಳಿದ್ದು. ನನಗೆ ಗೊತ್ತಿದ್ದಷ್ಟು ಹೇಳಿದೆ, ಗೊತ್ತಿದ್ದದ್ದೇ ಸ್ವಲ್ಪ. ಅವರು ಹೂಂಗುಟ್ಟುತ್ತಾ ಕೇಳಿದರು. ಆ ಹೊತ್ತು ಮುಗಿಯದಿರಲಿ ಎಂದು ನಾನು ಬೇಕೆಂದೇ ನಿಧಾನವಾಗಿ ಒರೆಸಿದೆ.

“ಮೇಲಿನ ಬಣ್ಣಾನೂ ತೆಗ್ದುಬುಡ್ಲಾ?” ಎಂದು ಕೇಳಿದರು ಕೊನೆಗೆ.

ತೆಗೆಯಿರಿ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಹೊರಗಿನ ಅರಗಿನಿಂದ ಮೋಟಾರಿಗೆ ಏನೂ ತೊಂದರೆಯಿರಲಿಲ್ಲ. “ಇರಲಿ ಮಾವ, ಚೆನ್ನಾಗಿದೆ,” ಎಂದೆ. ಅವರ ಮುಖದ ಗೆಲುವು ಹಿಂದಿರುಗಿತು.

ನಾಲ್ಕು ಮೋಟಾರೂ ಬೆರಳು ಸೋಕಿದರೆ ತಿರುಗುವಂತಾದವು. ಮಾವ ಯಂತ್ರವನ್ನು ಎರಡು ಕೈಯಲ್ಲಿ ಎತ್ತಿ ನನ್ನ ತೊಡೆಯ ಮೇಲಿಟ್ಟರು. ಈಗ ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. ಅವರು ದನಿ ತಗ್ಗಿಸಿದರು.

“ತಗಂಡೋಗಿ ಅವ್ರಿಗೆ ಕೊಡಿ. ನಾನೊಬ್ನೇ ಸರಿಮಾಡ್ದೆ ಅನ್ನಿ, ಊರೋರ್ಗೆ ಬ್ಯಾಟ್ರಿ ಅಂತ್ಲೇ ಇರ್ಲಿ. ನಂಗೆ ಗೊತ್ತಾಯ್ತು ಅಂತ ಮಾತ್ರ ಹೇಳ್ಬ್ಯಾಡಿ. ಮಾವನ್ನ ನೋಯಿಸ್ಬುಟ್ಟೆ ಅಂತ ಅವ್ರು ನೊಂದ್ಕತ್ತಾರೆ. ಒಸಿ ಮೆತ್ಗಿನ ಮನ್ಸು ಅವ್ರುದು.”

ನನ್ನದು ಎಂಥ ಮನಸ್ಸು ಮಾವ, ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಯಂತ್ರ ಎತ್ತಿಕೊಂಡು ಹೊರಗೆ ಬಂದೆ.

ನಡುಮನೆಯಲ್ಲಿ ಷಡ್ಡಕನನ್ನು ಎಬ್ಬಿಸಿದೆ. ಅವನು ಮೋಟಾರು ತಿರುಗಿಸಿ ನೋಡಿ, ಸಂದು ನೋಡಿ, ನನ್ನ ಮುಖ ನೋಡಿದ. “ಮಾವಂಗೆ ಗೊತ್ತಾಗಲಿಲ್ಲ ತಾನೆ ಅಣ್ಣ?” ಎಂದ ಗಾಬರಿಯಿಂದ. ಇಲ್ಲ ಎಂದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ.

ಸಂಜೆ ಬಿಸಿಲು ಇಳಿದ ಮೇಲೆ ಅದೇ ಬಯಲಿನಲ್ಲಿ ಅದು ಹಾರಿತು. ನಾಲ್ಕು ಬಣ್ಣ ನಾಲ್ಕು ಬಳೆಯಾಗಿ ತಿರುಗುತ್ತಾ ತೆಂಗಿನ ಗರಿಯ ಎತ್ತರಕ್ಕೆ ಹೋಯಿತು. ಬೆಳಿಗ್ಗೆ ಆಡಿಕೊಂಡವರೇ ಸಿಳ್ಳೆ ಹಾಕಿದರು. ಮಾವ ಕತ್ತೆತ್ತಿ ನೋಡುತ್ತಾ, “ಬ್ಯಾಟ್ರಿ ಸರಿಹೋಯ್ತಾ?” ಎಂದು ಕೂಗಿ ಕೇಳಿದರು. “ಹೋಯ್ತು ಮಾವ, ಅಣ್ಣ ಸರಿಮಾಡಿದ್ರು,” ಎಂದು ಅವನು ಕೂಗಿ ಹೇಳಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾನು ಅವರಿಬ್ಬರ ನಡುವೆ ನಿಂತಿದ್ದೆ.

ಒಬ್ಬರ ಮನಸ್ಸು ನೋಯದಿರಲಿ ಎಂದು ಇನ್ನೊಬ್ಬರು ಅಷ್ಟು ಚೆಂದದ ಸುಳ್ಳು ಹೇಳುತ್ತಿದ್ದರು. ನಿಜ ಹೇಳಲು ಇಬ್ಬರಿಗೂ ಸಿಕ್ಕವನು ನಾನು. ಮಾವ ತೀರಿಕೊಂಡು ಈಗ ಬಹಳ ಕಾಲವಾಯಿತು. ಷಡ್ಡಕನಿಗೂ ನನಗೂ ಈಗ ಚೆನ್ನಾಗಿಯೇ ಇದೆ. ಆದರೆ ಆ ಸಂಜೆಯ ಹೊಟ್ಟೆಕಿಚ್ಚು ಮಾತ್ರ ಇನ್ನೂ ಆರಿಲ್ಲ. ನನಗೆ ನೋವಾದೀತು ಎಂದು ಹೆದರಿ, ಆ ಮನೆಯಲ್ಲಿ ಯಾರಾದರೂ ನನಗೂ ಒಂದು ಸುಳ್ಳು ಹೇಳಬೇಕಿತ್ತು.